ಖಾಲಿ ಬಲೆಯನ್ನು ಟಿವಿ ತೋರಿಸುವುದಿಲ್ಲ

ಮಳೆಗಾಲ ಹಿಡಿದರೆ ಕುಂದಾಪುರದ ಕೋಡಿಯಲ್ಲಿ ಗಂಡಸರಿಗೆ ಕೆಲಸವಿಲ್ಲ. ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ದೋಣಿಗಳನ್ನು ದಡಕ್ಕೆ ಎಳೆದು, ತೆಂಗಿನ ಮಡಲು ಮುಚ್ಚಿ, ಹರಿದ ಬಲೆ ಹೆಣೆದು ಮುಗಿಸಿದ ಮೇಲೆ ಉಳಿಯುವುದು ಊಟ, ನಿದ್ದೆ, ಟಿವಿ. ಹೆಂಗಸರಿಗೆ ಮಾತ್ರ ಯಾವ ಕಾಲದಲ್ಲೂ ರಜೆಯಿಲ್ಲ. ಅದನ್ನು ಕೇಳುವವರೂ ಇಲ್ಲ, ಬಿಡಿ.

2010ರ ಮಳೆಗಾಲದಲ್ಲಿ ಸೀತುವಿನ ಮನೆಯಲ್ಲೂ ಹಾಗೇ ಇತ್ತು. ಸೀತು ಬೆಳಿಗ್ಗೆ ಎದ್ದು ಒಣಮೀನಿನ ಬುಟ್ಟಿ ತಲೆಯ ಮೇಲಿಟ್ಟು ಹಾಲಾಡಿಯ ಬಸ್ಸು ಹತ್ತುತ್ತಿದ್ದಳು. ಮಧ್ಯಾಹ್ನ ತಿರುಗಿ ಬರುವಷ್ಟರಲ್ಲಿ ಗಂಡ ಮುತ್ತ ಅನ್ನ ಬಸಿದು, ಚಟ್ನಿ ಅರೆದು, ಕೈಕಾಲು ತೊಳೆಯಲು ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದ. ಕುಡಿಯುವವನಲ್ಲ, ಬೈಯುವವನಲ್ಲ. ಕೋಳಿ ಅಂಕದ ಕಡೆಗೆ ತಲೆ ಹಾಕಿಯೂ ಮಲಗಿದವನಲ್ಲ. ಇಂಥ ಗಂಡ ಸಿಗಲು ಸೀತು ಯಾವ ದೇವರಿಗೆ ಹೂವು ಹಾಕಿದ್ದಳೋ ಎಂದು ನೆರೆಕರೆಯ ಹೆಂಗಸರು ಹೊಟ್ಟೆ ಉರಿಸಿಕೊಳ್ಳುತ್ತಿದ್ದರು.

ಮುತ್ತನಿಗೆ ಊರಿನಲ್ಲಿ ಇನ್ನೊಂದು ಹೆಸರಿತ್ತು. ಕೋಡಿಯ ಕಡಲ ಬದಿಯಲ್ಲಿ ಕೈರಂಪಣಿ ಎಂಬ ಉದ್ದನೆಯ ಬಲೆ ಬೀಸುತ್ತಾರೆ. ಅದು ಒಬ್ಬರ ಬಲೆಯಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಬಲೆ ತಂದು ಸೇರಿಸಿ ಹೆಣೆದರೆ ರಂಪಣಿ ಆಗುತ್ತದೆ. ಬಲೆಯ ತುಂಡು ಕೊಟ್ಟವರಿಗೆ ಮೀನಿನಲ್ಲಿ ಪಾಲು. ಈ ರಂಪಣಿಗೆ ಮೀನು ಎಲ್ಲಿದೆ ಎಂದು ಹೇಳುವವನು ಮುತ್ತ. ದಡದ ಮೇಲೆ ನಿಂತು ನೀರು ಎಲ್ಲಿ ಕಪ್ಪಾಗಿದೆ, ಹಕ್ಕಿ ಎಲ್ಲಿ ಎರಗುತ್ತಿದೆ ಎಂದು ನೋಡುತ್ತಾನೆ. ಅವನು ತಲೆಯ ಬೈರಾಸು ಬಿಚ್ಚಿ ಬೀಸಿದರೆ ದೋಣಿ ಆ ದಿಕ್ಕಿಗೆ ಹೋಗಿ ಬಲೆ ಸುತ್ತಿಕೊಂಡು ಬರುತ್ತದೆ. ಅವನ ಕಣ್ಣು ತಪ್ಪಿದ್ದು ಬಹಳ ಕಡಿಮೆ. 'ಮುತ್ತನ ಕಣ್ಣು' ಎಂದರೆ ಕೋಡಿಯಲ್ಲಿ ಎರಡನೇ ಮಾತಿಲ್ಲ.

ಆ ವರ್ಷ ಟಿವಿಯಲ್ಲಿ 'ಅದೃಷ್ಟದ ಅಂಗಳ' ಎಂಬ ಕಾರ್ಯಕ್ರಮ ಶುರುವಾಗಿತ್ತು. ನಮ್ಮ ನಿಮ್ಮಂಥ ಜನರನ್ನೇ ಗೋವಾಕ್ಕೆ ಕರೆದುಕೊಂಡು ಹೋಗಿ, ಜೂಜಿನ ಹಡಗಿನಲ್ಲಿ ಇಸ್ಪೀಟು ಆಡಿಸಿ, ಗೆದ್ದವರಿಗೆ ಹಾರ ಹಾಕಿ ಹೂವು ಸುರಿಯುವ ಕಾರ್ಯಕ್ರಮ. ದಿನಾ ಸಂಜೆ ಒಮ್ಮೆ, ಮಧ್ಯಾಹ್ನ ಹಳೆಯದು ಇನ್ನೊಮ್ಮೆ. ಮುತ್ತ, ಸೀತು, ಏಳನೇ ತರಗತಿಯ ಮಗಳು ಚಂದನಾ, ಮೂವರೂ ಟಿವಿಯ ಮುಂದೆ ಹಾಜರು.

"ಕಾಣ್ ಸೀತೂ, ಆ ಹಸ್ರ್ ಅಂಗಿಯವ ಇದ್ನಲೆ, ಇವತ್ತ್ ಗೆಲ್ಲುದ್ ಅವ್ನೇ" ಎನ್ನುತ್ತಿದ್ದ ಮುತ್ತ. ಕೊನೆಯಲ್ಲಿ ಹಸಿರು ಅಂಗಿಯವನೇ ಗೆಲ್ಲುತ್ತಿದ್ದ.

"ಹೌದೇ! ನಿಮ್ಗೆ ಹ್ಯಾಂಗೆ ಗೊತ್ತಾಪ್ದ್ ಇದೆಲ್ಲಾ?"

"ನೀರ್ ಕಂಡ್ ಮೀನ್ ಹೇಳುವವಂಗೆ ಮೋರೆ ಕಂಡ್ ಇಸ್ಪೀಟ್ ಎಲೆ ಹೇಳುಕೆ ಎಷ್ಟೊತ್ತ್ ಮರಾಯ್ತಿ?"

ಸೀತುವಿಗೆ ಗಂಡನ ಮೇಲೆ ಮತ್ತಷ್ಟು ಹೆಮ್ಮೆ. ಹಾಲಾಡಿಯಲ್ಲಿ ಮೀನು ಕೊಳ್ಳಲು ಬಂದವರಿಗೂ ಹೇಳಿದಳು. ಹೇಳಿ ಹೇಳಿ ಗಂಡನನ್ನು ಅಟ್ಟಕ್ಕೇರಿಸಿದವಳು ತಾನೇ ಎಂಬುದು ಆಗ ಅವಳಿಗೆ ತಿಳಿಯಲಿಲ್ಲ.

ಒಂದು ಭಾನುವಾರ ಅವರ ಸ್ವಸಹಾಯ ಸಂಘದ ಸಭೆ. ಸಂಘ ನೋಡಿಕೊಳ್ಳುವ ವನಜಕ್ಕ ಮಾತಿನ ನಡುವೆ ಆ ಕಾರ್ಯಕ್ರಮದ ವಿಷಯ ತೆಗೆದರು.

"ಹ್ವಾಯ್, ಒಂದ್ ಮಾತ್ ಕೇಣಿ. ಆ ಜುಗಾರಿ ಆಟದ್ ಕಾರ್ಯಕ್ರಮ ಎಲ್ರ್ ಮನಿಯಲ್ಲೂ ಕಾಂತ್ರ್ಯಾ? ಮಕ್ಕಳನ್ ಕೂರ್ಸ್ಕಂಡ್ ಕಾಂಬ್ದ್ ಅಷ್ಟ್ ಒಳ್ಳೇದಲ್ಲ."

ಸೀತುವಿಗೆ ನಗು ಬಂತು. "ಎಂತ ವನಜಕ್ಕ, ಬರೀ ಕಂಡ್ರೆ ಎಂತ ಆತ್ತ್? ಸೀರಿಯಲ್‌ನಲ್ಲಿ ದಿನಾ ಅತ್ತಿ ಸೊಸಿಗೆ ವಿಷ ಹಾಕ್ತ್ರ್. ನಾವ್ ಯಾರಾರೂ ಹಾಕಿದ್ವಾ?"

"ನಂಗೆ ಪುರ್ಸೊತ್ತೇ ಸಿಕ್ಲಿಲ್ಲೆ" ಎಂದಳು ಮೂಲೆಯಲ್ಲಿ ಕೂತ ಸರೋಜ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ವನಜಕ್ಕನೂ ನಕ್ಕರು.

"ವಿಷ ಹಾಕುದ್ ತಪ್ಪ್ ಅಂತ ಸೀರಿಯಲ್ಲೇ ಹೇಳ್ತ್ ಸೀತು. ಹಾಕಿದವ್ರ್ ಜೈಲಿಗ್ ಹೋತ್ರ್. ಜುಗಾರಿ ಆಡುದ್ ತಪ್ಪ್ ಅಂತ ಈ ಕಾರ್ಯಕ್ರಮ ಹೇಳ್ತಾ? ಅಲ್ಲ್ ಆಡಿದವಂಗೆ ಹಾರ ಹಾಕ್ತ್ರ್. ಕಾಂಬ್ದ್ ತಪ್ಪ್ ಅಂತ ನಾ ಹೇಳುದಿಲ್ಲೆ. ಕಂಡದ್ದೇ ಪೂರ್ತಿ ಅಂತ ನಂಬುದ್ ತಪ್ಪ್."

ಸೀತು ತಲೆ ಆಡಿಸಿದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಅದಾದ ಕೆಲವು ದಿನಕ್ಕೆ ಚಂದನಾ ಶಾಲೆಯಿಂದ ತೊಪ್ಪೆಯಾಗಿ ನೆನೆದು ಬಂದಳು. ಪುಸ್ತಕದ ಚೀಲದಿಂದಲೂ ನೀರು.

"ಕೊಡೆ ಎಲ್ಲ್ ಹೆಣ್ಣೇ? ಎಲ್ಲ್ ಬಿಟ್ಟ್ ಬಂದೆ?"

"ಬಿಡ್ಲಿಲ್ಲೆ ಅಮ್ಮಾ. ಸೋತೆ."

"ಸೋತೆ ಅಂದ್ರೆ ಎಂತ?"

"ಶಾಲಿ ಜಗಲಿಯಲ್ಲ್ ನಾವ್ 'ಅದೃಷ್ಟದ ಅಂಗಳ' ಆಡುದ್. ನಾ ಕೊಡೆ ಇಟ್ಟೆ. ಪ್ರಜ್ಞಾ ಗೆದ್ಲ್." ಹುಡುಗಿ ಅಮ್ಮನಿಂದ ತಲೆ ಒರೆಸಿಕೊಳ್ಳುತ್ತಾ ಸಮಾಧಾನವಾಗಿ ಹೇಳಿದಳು. "ನಾಳೆ ಟಿಫಿನ್ ಡಬ್ಬಿ ಇಟ್ಟ್ ವಾಪಾಸ್ ಗೆಲ್ತೆ. ಬಿಡುಕಾಗ. ಟಿವಿಯಲ್ಲ್ ಹೇಳ್ತ್ರಲೆ, 'ಬಿಟ್ಟವನು ಸೋತವನು' ಅಂತ."

ಸೀತು ಮಗಳ ತಲೆ ಒರೆಸುತ್ತಿದ್ದ ಬೈರಾಸನ್ನು ಹಾಗೇ ಹಿಡಿದು ನಿಂತಳು. ಕೊಡೆ ಹೋದದ್ದು ದೊಡ್ಡದಲ್ಲ, ಪ್ರಜ್ಞಾಳ ಅಮ್ಮನಿಗೆ ಹೇಳಿದರೆ ಬರುತ್ತದೆ. ಆದರೆ ಸೋತವಳಿಗೆ ಅಳು ಬರಲಿಲ್ಲ, ಹೆದರಿಕೆ ಆಗಲಿಲ್ಲ, ಇನ್ನೊಂದು ವಸ್ತು ಇಡಬೇಕೆಂದು ಹೊಳೆಯಿತಲ್ಲ! ಇದನ್ನು ಅವಳಿಗೆ ಯಾರು ಕಲಿಸಿದರು? ತಾವೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಹಾಗಾಯಿತಲ್ಲ ಎಂದು ಸೀತುವಿಗೆ ಅನ್ನಿಸಿತು.

ಗಂಡನಿಗೆ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಗಂಡನೇ ಒಂದು ಮಾತು ತೆಗೆದ.

"ಸೀತೂ, ಒಂದ್ ವಿಷ್ಯ. ಬೈಬ್ಯಾಡ."

"ಎಂತ?"

"ಗೋವಾದ್ ಹಡಗಲ್ಲ್ ಆಡಿ ಗೆದ್ದವ್ರನ್ನ ಮುಂದಿನ್ ಸಲ ಟಿವಿಗೆ ತಕಂತ್ರ್ ಅಂಬ್ರ್. ನಾ ಒಂದ್ ಸಲ ಹೋಯ್ ಬತ್ತೆ."

"ಹೋಪುಕೆ, ಆಡುಕೆ, ಕೈಯಲ್ಲ್ ಎಂತ ಇತ್ತ್?"

ಮುತ್ತ ತಲೆಯೆತ್ತಿ ಮಾಡಿನ ಕೆಳಗೆ ತೂಗುಹಾಕಿದ್ದ ಬಲೆಯ ಕಡೆ ನೋಡಿದ. ಅವನ ಅಪ್ಪ ಕೈಯಾರೆ ಹೆಣೆದ ಬಲೆ. ರಂಪಣಿಯಲ್ಲಿ ಅವರ ಮನೆಯ ತುಂಡು ಅದೇ.

"ಗಂಗೊಳ್ಳಿಯವ್ರ್ ಒಬ್ರ್ ಕೇಂಡಿದ್ರ್" ಎಂದ ಮೆಲ್ಲಗೆ.

"ಬಲಿ ಮಾರಿರೆ ರಂಪಣಿಯಲ್ಲ್ ನಮ್ಗೆ ಪಾಲೆಲ್ಲ್ ಇತ್ತ್? ನೀವ್ ಹೊಯ್ಗಿಯಲ್ಲ್ ನಿಂತ್ಕಂಡ್ ಬೇರೆಯವ್ರ್ ಬಲಿ ಕಾಂಬ್ದಾ?"

"ಗೆದ್ದ್ ಬಂದ್ ಹೊಸ್ತ್ ತಕಂಬ. ನನ್ ಕಣ್ಣ್ ಮೇಲೆ ನಿಂಗೆ ನಂಬ್ಕಿ ಇಲ್ಯಾ?"

ಈ ಗಂಡಸು ಹಗಲು ಕಂಡ ಬಾವಿಗೆ ರಾತ್ರಿ ಬೀಳುವವನಲ್ಲ ಎಂದು ನಂಬಿ ಬಾಳಿದವಳು ಸೀತು. ಶ್ರಾವಣದ ನೂಲ ಹುಣ್ಣಿಮೆ ಕಳೆದು ಕಡಲು ಇಳಿದ ಮೇಲೆ ಎಲ್ಲರೂ ತಮ್ಮ ತುಂಡು ತಂದು ರಂಪಣಿ ಕೂಡಿಸುತ್ತಾರೆ. ಆ ದಿನಕ್ಕೆ ಮೊದಲು ಮುತ್ತನ ತಲೆಯಿಂದ ಈ ಹುಚ್ಚು ಇಳಿಯಬೇಕು. ಜಗಳ ಮಾಡಿದರೆ ಇಳಿಯುವುದಿಲ್ಲ. ಮೂರನೇ ಮನೆಯವರ ಮುಂದೆ ಬೈದರೆ ಮರ್ಯಾದೆ ಹೋಗಿ ಇನ್ನೂ ಹಟ ಹಿಡಿಯುತ್ತಾನೆ.

ಆಗ ಅವಳಿಗೆ ತಮ್ಮ ಸುಧೀರನ ನೆನಪಾಯಿತು. ಸುಧೀರ್ ಗೋವಾದಲ್ಲಿ ಅಡುಗೆ ಕೆಲಸದವನು. 'ಅದೃಷ್ಟದ ಅಂಗಳ'ದ ಶೂಟಿಂಗಿಗೆ ಊಟ ಒದಗಿಸುವ ಗುತ್ತಿಗೆದಾರನ ಕೈಕೆಳಗೆ ಕೆಲವು ತಿಂಗಳು ದುಡಿದಿದ್ದ. ಫೋನು ಮಾಡಿದಳು. ಆಸಾಡಿ ಅಮಾಸಿಗೆ ಊರಿಗೆ ಬರುತ್ತೇನೆ ಎಂದ.

ಅಮಾಸಿಯ ದಿನ ಸುಧೀರ್ ಬಂದ. ಕೋಳಿ ಸಾರು, ಕೊಟ್ಟೆ ಕಡುಬು ಉಂಡು ಕೈತೊಳೆದದ್ದೇ, ಮುತ್ತ ಚಾಪೆಯ ಮೇಲೆ ಅವನ ಪಕ್ಕಕ್ಕೆ ಸರಿದ.

"ನೀ ಆ ಶೂಟಿಂಗಲ್ಲೇ ಇದ್ದವ ಅಲ್ದಾ ಮರಾಯಾ! ಅಲ್ಲ್ ಹ್ಯಾಂಗಿರ್ತ್ ಹೇಳ್ ಕಾಂಬ. ನಾ ಇಲ್ಲ್ ಕೂಕಂಡೇ ಯಾರ್ ಗೆಲ್ತ್ರ್ ಅಂತ ಹೇಳ್ತೆ, ಗೊತ್ತಿತ್ತಾ?"

"ಅಕ್ಕ ಹೇಳಿದ್ಲ್ ಬಾವ. ಇವತ್ತ್ ನನ್ನೆದ್ರ್ ಒಂದ್ ಸಲ ಹೇಳಿ ಕಾಂಬ. ಆದ್ರೆ ನಾ ಹೇಳ್ದಂಗೆ ಕಾಣ್ಕ್. ಸೌಂಡ್ ಬ್ಯಾಡ. ಅವ್ರ್ ಯಾರದಾರೂ ಮನಿ, ಮಕ್ಕಳ್, ಅಪ್ಪಯ್ಯ, ಅಬ್ಬಿ ಅಂತ ತೋರ್ಸುವತ್ತಿಗೆ ಚಂದನಾ ಗೆರ್ಸಿ ಅಡ್ಡ ಹಿಡೀಲಿ. ಬರೀ ಮೋರೆ, ಬರೀ ಎಲೆ ಕಂಡ್ ಹೇಳಿ. ಹಡಗಿಗೆ ಹೋರೆ ನಿಮ್ಗೆ ಕಾಂಬುಕೆ ಸಿಕ್ಕುದ್ ಅಷ್ಟೇ ಅಲ್ದಾ?"

"ಅಷ್ಟೇಯಾ? ಸಾಕ್ ಬಿಡ್" ಎಂದು ಮುತ್ತ ಕಾಲು ಮಡಚಿ ಕೂತ.

ಚಂದನಾಳಿಗೆ ಖುಷಿಯೋ ಖುಷಿ. ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯಲ್ಲಿ ಅಕ್ಕಿ ಗೇರುವ ಗೆರಸಿ. ಹಬ್ಬದ ದಿನವಾದ್ದರಿಂದ ಚಾನೆಲ್ಲಿನವರು ಮಧ್ಯಾಹ್ನವೇ ಎರಡು ಹೊಸ ಆಟ ಒಂದರ ಹಿಂದೆ ಒಂದು ಹಾಕಿದ್ದರು. ಮೊದಲ ಆಟದಲ್ಲಿ ನಾಲ್ಕು ಜನ. ಮುತ್ತ ಬಗ್ಗಿ ಬಗ್ಗಿ ನೋಡಿದ. ಕಣ್ಣು ಕಿರಿದು ಮಾಡಿದ. ಕನ್ನಡಕದವನು ಗೆಲ್ಲುತ್ತಾನೆ ಎಂದ. ಕನ್ನಡಕದವನು ಮೊದಲೇ ಸೋತು ಎದ್ದು ಹೋದ. "ಇದ್ ಒಂದ್ ತಪ್ಪಿತ್" ಎಂದು ಎರಡನೆಯದಕ್ಕೆ ಇನ್ನೂ ಹತ್ತಿರ ಕೂತ. ಹಳದಿ ಸೀರೆಯವಳು ಎಂದ. ಗೆದ್ದದ್ದು ಅವಳ ಪಕ್ಕದವನು.

ಚಂದನಾ ಚಪ್ಪಾಳೆ ತಟ್ಟಿ ನಕ್ಕಳು. ಅಪ್ಪಯ್ಯನ ಮುಖ ನೋಡಿ ತಟ್ಟನೆ ಸುಮ್ಮನಾದಳು. ಊರೆಲ್ಲ ನಂಬಿದ ಕಣ್ಣು ಸ್ವಂತ ಮಗಳ ಎದುರಿಗೆ ತಪ್ಪಿದರೆ ಯಾವ ಗಂಡಸಿಗೂ ಹಿತವಲ್ಲ. ಸೀತುವಿಗೆ ಅಯ್ಯೋ ಅನ್ನಿಸಿತು.

ಸುಧೀರ್ ಮೆತ್ತಗೆ ಹೇಳಿದ. "ಬೇಜಾರ್ ಮಾಡ್ಕಣ್ಬೇಡಿ ಬಾವ. ಗುಟ್ಟ್ ಹೇಳ್ತೆ ಕೇಣಿ. ಆಟ ಮುಗ್ದ್, ಯಾರ್ ಗೆದ್ರ್ ಅಂತ ಗೊತ್ತಾದ್ಮೇಲೆ ಇವ್ರ್ ಗೆದ್ದವನ್ ಮನಿಗೆ ಹೋತ್ರ್. ಅವನ್ ಅಬ್ಬಿ ದೀಪ ಹಚ್ಚುದ್, ಮಕ್ಕಳ್ ಕೈ ಮುಗಿಯುದ್, ಎಲ್ಲಾ ತೆಗೀತ್ರ್. ಅದನ್ನ ಆಟದ್ ನಡುವೆ ಸೇರ್ಸಿ ನಮ್ಗೆ ಮೊದ್ಲೇ ತೋರ್ಸ್ತ್ರ್. ಅವನ್ ಮೋರೆ ಬಪ್ಪತ್ತಿಗೆ ವಾದ್ಯ ಜೋರ್ ಮಾಡ್ತ್ರ್. ಯಾರ್ ಗೆಲ್ತ್ರ್ ಅಂತ ಅವ್ರೇ ನಿಮ್ ಕೆಮಿಯಲ್ಲ್ ಹೇಳುದ್. ನಿಮ್ಗೆ ಕಂಡದ್ದ್ ಅಂತ ಅನ್ಸ್ತ್."

ಮುತ್ತ ರಿಮೋಟು ತೆಗೆದುಕೊಂಡು ಟಿವಿ ಬಂದ್ ಮಾಡಿದ. ಆಮೇಲೆ ಕೇಳಿದ. "ಹಾಂಗಾರೆ ಸೋತವ್ರ್?"

"ಸೋತವ್ರ್ ನಮ್ ಬದಿಗ್ ಬಪ್ದ್. ಅಡುಗಿ ಮಾಡುವಲ್ಲ್ ಹಿಂದೆ ಒಂದ್ ಬೆಂಚ್ ಇದ್ದಿತ್. ಒಂದ್ ದಿನ ನಮ್ ಬದಿಯ ಮಾತ್ ಆಡುವವ್ರ್ ಒಬ್ರ್ ಬಂದ್ ಕೂಕಂಡ್ರ್. ಅಪ್ಪಯ್ಯನ್ ಪ್ರಾಯ. ನಾ ಊಟ ಬಡ್ಸ್ದೆ. ಮುಟ್ಲಿಲ್ಲೆ. 'ಮನಿಗೆ ಫೋನ್ ಮಾಡ್ಕ್ ಮಗಾ, ಎಂತ ಹೇಳ್ಲಿ?' ಅಂತ ನನ್ ಹತ್ರ ಕೇಂಡ್ರ್." ಸುಧೀರ್ ಬಾವನ ಕಡೆ ತಿರುಗಿದ. "ಒಬ್ಬ ಗೆದ್ದ ಅಂತ ಕಾಂಬುಕೆ ಎಷ್ಟ್ ಜನ ಸೋಲ್ಕ್ ಗೊತ್ತಿತ್ತಾ? ಆ ಬೆಂಚಿನ್ ಬದಿಗೆ ಒಂದ್ ದಿನವೂ ಕ್ಯಾಮೆರಾ ಬರ್ಲಿಲ್ಲೆ ಬಾವ."

ಮುತ್ತ ಎದ್ದು ಹೊರಗೆ ಹೋದ. ಮಳೆ ಸ್ವಲ್ಪ ಬಿಟ್ಟಿತ್ತು. ಸೀತು ಹಿಂದೆಯೇ ಹೋದಳು. ಮನೆಯ ಹಿಂದಿನ ತೆಂಗಿನ ಮರದ ಬುಡದಲ್ಲಿ ಕಡಲಿನ ಕಡೆ ಮುಖ ಮಾಡಿ ನಿಂತಿದ್ದ.

"ಬಲಿ ಹಾಕುದೂ ಜುಗಾರಿಯೇ ಅಲ್ದಾ ಸೀತು? ಸಿಕ್ರೆ ಸಿಕ್ತ್, ಇಲ್ದಿರೆ ಇಲ್ಲೆ. ಅಲ್ಲ್ ನನ್ ಕಣ್ಣ್ ನಡೀತ್. ಇಲ್ಲ್ ಎಂತಕ್ ನಡೀಲಿಲ್ಲೆ?"

ಸೀತು ಓದಿದ್ದು ನಾಲ್ಕನೇ ತರಗತಿ. ಆದರೆ ಮೀನಿನ ಬುಟ್ಟಿ ಹೊತ್ತು ಊರೂರು ಕಂಡ ಹೆಂಗಸು. "ಮೀನ್ ನಿಮ್ಗೆ ಮೋಸ ಮಾಡ್ಕ್ ಅಂತ ಈಸುದಲ್ಲ. ಆ ಮೇಜ್ ಇಟ್ಟವ್ರ್ ನೀವ್ ಸೋಲ್ಕ್ ಅಂತಲೇ ಇಟ್ಟದ್ದ್. ಇಲ್ಲ್ ಬಲಿ ಖಾಲಿ ಬಂದ್ರೆ ಎಂತ ಮಾಡ್ತ್ರಿ? ಕೊಡ್ವ್ಕಂಡ್ ನಾಳೆ ಮತ್ತೆ ಹಾಕ್ತ್ರಿ. ಅಲ್ಲ್ ಒಂದ್ ಸಲ ಖಾಲಿ ಬಂದ್ರೆ ಬಲಿಯೇ ಹೋತ್ತ್. ನಾಳೆ ಹಾಕುಕೆ ಎಂತ ಇತ್ತ್?"

ಆಗ ಮುತ್ತ ಹೇಳಬಾರದೆಂದು ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. "ನಂಗೆಂತ ಆಸಿ ಇದ್ದದ್ದಲ್ಲ ಸೀತು. ನೀ ಬಸ್ ಇಳ್ದ್ ಬಪ್ಪತ್ತಿಗೆ ಕುತ್ಗಿ ಹಿಡ್ಕಂಡ್ ಬತ್ಯಲೆ. ದಿನಾ ಕಾಂತೆ. ನಿನ್ ತಲಿ ಮೇಲಿನ್ ಬುಟ್ಟಿ ಒಂದ್ ಇಳ್ಸುವ ಅಂತ ಮಾಡದ್ದ್."

ಸೀತುವಿಗೆ ಕಣ್ಣು ತುಂಬಿತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಈ ಗಂಡಸು ಇಷ್ಟು ಮಾತು ಒಟ್ಟಿಗೆ ಆಡಿದ್ದಿಲ್ಲ.

"ಬುಟ್ಟಿ ಭಾರ ಹೌದ್" ಎಂದಳು. "ಆದ್ರೆ ಮನಿಗೆ ಬಂದ್ರೆ ನೀವ್ ಬಿಸಿನೀರ್ ಕಾಯ್ಸಿ ಇಟ್ಟಿರ್ತ್ರಿ ಅಂತ ಗೊತ್ತಿರ್ತಲೆ, ಆ ಧೈರ್ಯಕ್ಕೆ ಹೊತ್ಕಂಬ್ದ್. ನಾ ಬಪ್ಪತ್ತಿಗೆ ನೀವ್ ಎಲ್ಲೋ ಗೋವಾದಲ್ಲ್ ಆ ಬೆಂಚ್ ಮೇಲೆ ಕೂಕಂಡ್, ಮನಿಗೆ ಎಂತ ಹೇಳುದ್ ಅಂತ ಯೋಚ್ನಿ ಮಾಡ್ತಿದ್ರೆ, ಅದನ್ ಹೊರುಕೆ ನನ್ ಹತ್ರ ಆತಿಲ್ಲೆ."

ಮುತ್ತ ಹೆಂಡತಿಯ ಸೆರಗಿನ ತುದಿಯಿಂದಲೇ ಅವಳ ಕಣ್ಣು ಒರೆಸಿದ. ಒಳಗಿನಿಂದ ಸುಧೀರ್ ಚಹಾಕ್ಕೆ ಕರೆದ.

ಹುಣ್ಣಿಮೆ ಕಳೆಯಿತು. ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಪೂಜೆ ಆಯಿತು. ರಂಪಣಿ ಕೂಡಿಸುವ ದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಮನೆಮನೆಯಿಂದ ಗಂಡಸರು ತಮ್ಮ ಬಲೆ ಹೊತ್ತು ದಡಕ್ಕೆ ಬಂದರು. ಮುತ್ತನೂ ಅಪ್ಪನ ಬಲೆ ಹೆಗಲ ಮೇಲೆ ಹೊತ್ತು ಬಂದ. ಸೀತು ಆ ದಿನ ಹಾಲಾಡಿಗೆ ಹೋಗಲಿಲ್ಲ. ಚಹಾದ ಪಾತ್ರೆ ಹಿಡಿದುಕೊಂಡು ಅವನ ಹಿಂದೆ ಬಂದಳು.

ರಂಪಣಿಯ ಯಜಮಾನ ಪದ್ದಣ್ಣ ಕೇಳಿದರು. "ಬಂದ್ಯಾ ಮುತ್ತ? ನಿನ್ ಬಲಿ ಗಂಗೊಳ್ಳಿಗೆ ಹೋತ್ ಅಂಬ್ರ್ ಅಂತ ಕೇಂಡಿದ್ದೆ."

ಮುತ್ತ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೋಪುದಿತ್ತ್ ಪದ್ದಣ್ಣ. ಟಿವಿಯಲ್ಲ್ ಜುಗಾರಿ ಕಂಡ್ ತಲಿ ತಿರ್ಗಿತ್. ನನ್ ಕಣ್ಣ್ ದೊಡ್ದ್ ಅಂತ ಹೊರ್ಟಿದ್ದೆ. ಅಲ್ಲ್ ಅದ್ ನಡೀತಿಲ್ಲೆ. ಟಿವಿಯವ್ರ್ ಹೇಳಿ ಕೊಟ್ಟದ್ದನ್ನ ನಾ ಕಂಡದ್ದ್ ಅಂತ ಮಾಡ್ಕಂಡಿದ್ದೆ." ಇಷ್ಟು ಹೇಳಿ, ಗೆರಸಿ ಅಡ್ಡ ಹಿಡಿದ ಕಥೆಯನ್ನೂ ಹೇಳಿದ.

ದಡದ ಮೇಲೆ ನಗುವೋ ನಗು. ಒಬ್ಬನು ಮಾತ್ರ ನಗಲಿಲ್ಲ. ಪದ್ದಣ್ಣನ ಮಗ ಯತೀಶ್, ಆ ವರ್ಷವಷ್ಟೇ ಮದುವೆಯಾದವನು, ಬಲೆಯ ತುದಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮುತ್ತನ ಹತ್ತಿರ ಬಂದು, ಅಪ್ಪನಿಗೆ ಕೇಳಿಸದ ಹಾಗೆ ಹೇಳಿದ.

"ಮುತ್ತಣ್ಣ, ನಾನೂ ನಿಮ್ಮೊಟ್ಟಿಗೆ ಹೋಪುಕೆ ಬ್ಯಾಗ್ ಕಟ್ಟಿದ್ದೆ. ಹೆಂಡ್ತಿ ಕೈಯ ಚಿನ್ನದ್ ಬಳಿಯೂ ಕೇಂಡ್ ಇಟ್ಟ್ಕಂಡಿದ್ದೆ. ನಾನೊಬ್ನೇ ಅಲ್ಲ, ಇನ್ನೂ ಮೂರ್ ನಾಲ್ಕ್ ಜನ ಇದ್ದೊ. ಮುತ್ತಣ್ಣ ಹೊರ್ಟ್ರೆ ಖಂಡಿತ ಗೆಲ್ತ್ರ್, ಅವ್ರ್ ಕಣ್ಣಿತ್ತಲೆ ಅಂತ."

ಮುತ್ತನ ಕೈಯಿಂದ ಹೆಣೆಯುವ ದಾರ ಜಾರಿತು. ಒಂದು ಬಲೆ ಮಾತ್ರ ಹೋಗುತ್ತಿತ್ತು ಎಂದುಕೊಂಡಿದ್ದ ಅವನು. ಕೋಡಿಯ ಎಳೆಯ ಹುಡುಗರು, ಅವರ ಹೆಂಡಿರ ಕೈಯ ಬಳೆ, ಅರ್ಧ ರಂಪಣಿ, ಎಲ್ಲವೂ ತನ್ನ ಹಿಂದೆ ಬರುವುದಿತ್ತು ಎಂದು ತಿಳಿದದ್ದು ಈಗ. ಅವನು ಯತೀಶನ ಬೆನ್ನ ಮೇಲೆ ಕೈಯಿಟ್ಟ.

"ಬಾ ತಮ್ಮ, ಇಲ್ಲ್ ಕೂಕೋ. ನಿನ್ ಬಲಿ ತುದಿ ಇತ್ಲಾಗ್ ಕೊಡ್" ಎಂದ.

ಇಬ್ಬರೂ ಹೊಯಿಗೆಯ ಮೇಲೆ ಕೂತು ತಮ್ಮ ತಮ್ಮ ಬಲೆಯ ತುದಿಗಳನ್ನು ಸೇರಿಸಿ ಹೆಣೆದರು. ಸೀತು ಇಬ್ಬರಿಗೂ ಚಹಾ ಕೊಟ್ಟು ಅಲ್ಲೇ ಕೂತಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನಿಮ್ಮ ಮನೆಯಲ್ಲೂ ಟಿವಿ ಇದೆ. ಅದನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಜೂಜಿನ ಕಾರ್ಯಕ್ರಮ ಬಂದಾಗ ಒಮ್ಮೆ ಶಬ್ದ ತೆಗೆದು ನೋಡಿ. ಗೆದ್ದವನ ಮನೆ ತೋರಿಸುವಾಗ, ಸೋತವರ ಮನೆ ಎಲ್ಲಿ ಎಂದು ಮಕ್ಕಳನ್ನು ಕೇಳಿ, ನೀವೂ ಕೇಳಿಕೊಳ್ಳಿ. ಮಕ್ಕಳು ಆಟದಲ್ಲಿ ವಸ್ತು ಪಣಕ್ಕಿಡುತ್ತಿದ್ದರೆ ನಕ್ಕು ಬಿಡಬೇಡಿ. ಮನೆಯವರು ಯಾರಾದರೂ ಜೂಜಿನ ಕಡೆ ವಾಲಿದ್ದರೆ ನಾಲ್ಕು ಜನರ ಮುಂದೆ ಹಂಗಿಸಬೇಡಿ. ಹತ್ತಿರ ಕೂತು ಯಾಕೆ ಎಂದು ಕೇಳಿ. ಬಿಡಲು ಆಗುತ್ತಿಲ್ಲ ಎಂದರೆ ಸರಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆಯಿಲ್ಲ.

ಇನ್ನೊಂದು ಮಾತು. ನಿಮ್ಮನ್ನು ನಂಬಿ ನಿಮ್ಮ ಹಿಂದೆ ಹೊರಡಲು ಬ್ಯಾಗು ಕಟ್ಟಿದವರು ಯಾರೋ ಇರುತ್ತಾರೆ. ನೀವು ಹೆಜ್ಜೆ ಎತ್ತುವ ಮೊದಲು ಅವರ ಮುಖ ಒಮ್ಮೆ ನೋಡಿ.